ಬಚ್ಚಲುಮನೆಗೆ ಬಂದ ವಿದ್ಯುಚ್ಛಕ್ತಿ

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿಯು ನೀರಿನಿಂದ ಹುಟ್ಟಿತೆಂಬುದನ್ನು ಶ್ರೋತೃಗಳೆಲ್ಲರೂ ಬಲ್ಲರು. 1902ರಲ್ಲಿ ಶಿವನಸಮುದ್ರದ ಕಾವೇರಿಯು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. 1948ರಲ್ಲಿ ಜೋಗದ ನೀರೂ ಅದೇ ಸೇವೆಗೆ ನಿಂತಿತು. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತ ಬಂದಿದ್ದೇವೆ. ಅದೇ ಶಕ್ತಿಯು ಮನೆಯೊಳಗೆ ನೀರನ್ನು ಮತ್ತೆ ಸಂಧಿಸಿದಾಗ ಏನಾಯಿತೆಂಬುದನ್ನು ಮಾತ್ರ ಅಷ್ಟು ಆಸ್ಥೆಯಿಂದ ಹೇಳಿದವರಲ್ಲ.

ಮಂಗಳೂರಿನಿಂದ ಚಾರ್ಮಾಡಿ ಘಟ್ಟಕ್ಕೆ ಹೋಗುವ ಹೆದ್ದಾರಿಯಲ್ಲಿ, ಬೆಳ್ತಂಗಡಿಯನ್ನು ಸೇರುವುದಕ್ಕೆ ಮೊದಲು, ಮಡಂತ್ಯಾರು ಎಂಬ ಪೇಟೆಯು ಸಿಕ್ಕುವುದು. ಆ ಸೀಮೆಯ ಹಳೆಯ ಮನೆಗಳಲ್ಲಿ ಸ್ನಾನದ ನೀರು ತಾಮ್ರದ ಹಂಡೆಯಲ್ಲಿ ಸೌದೆಯ ಉರಿಯಿಂದ ಕಾಯುತ್ತಿದ್ದಿತು. ಅಲ್ಲಿದ್ದುದು ಬೆಂಕಿಯ ಭಯ, ಕಣ್ಣಿಗೆ ಕಾಣುವ ಭಯ. ಮುಂದೆ ಬಕೆಟ್ಟಿನೊಳಗೆ ಇಳಿಬಿಡುವ ಕಾಯಿಲ್ ಬಂದಿತು, ಗೀಸರ್ ಬಂದಿತು, ಬಾವಿಯ ರಾಟೆಯ ಬಳಿ ಪಂಪು ಬಂದಿತು. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಾಡಿನಲ್ಲಿ ಪ್ಲಗ್ಗು ಒಣಗಿರುವುದೆಂತು?

ಫ್ಯೂಸ್ ಇದೆಯಲ್ಲ ಎಂದು ಹಲವರು ಧೈರ್ಯ ತಾಳುವರು. ಆ ಧೈರ್ಯಕ್ಕೆ ಆಧಾರವಿಲ್ಲ. ಒಣ ಚರ್ಮವು ವಿದ್ಯುತ್ತನ್ನು ಬಹುಮಟ್ಟಿಗೆ ತಡೆಯುವುದು. ಒದ್ದೆಯಾದ ಮೈಯ ತಡೆ ಸುಮಾರು ಸಾವಿರ ಓಮಿಗೆ ಇಳಿಯಬಹುದು. ಆಗ 230 ವೋಲ್ಟಿನ ತಂತಿಯಿಂದ ದೇಹದಲ್ಲಿ ಹರಿಯುವುದು ಕಾಲು ಆಂಪಿಯರಿಗಿಂತಲೂ ತುಸು ಕಡಿಮೆ. ಹೃದಯದ ಬಡಿತವನ್ನು ಕೆಡಿಸಲು ಅಷ್ಟು ಸಾಕು. 5 ಆಂಪಿಯರಿನ ಫ್ಯೂಸಿಗೆ ಅದು ತಿಳಿಯುವುದೇ ಇಲ್ಲ. ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಉಪಕರಣದ ಲೋಹದ ಮೈಯನ್ನು ಭೂಮಿಗೆ ಕೂಡಿಸುವುದು. (ಅದನ್ನು ಅನಾವಶ್ಯಕವೆಂದು ಕಿತ್ತು, ಎರಡು ತೂತಿಗೆ ಸೇರಿಸುವ ಜಾಣರನ್ನು ನಾವು ಕಂಡಿದ್ದೇವೆ.) ದಕ್ಷಿಣ ಕನ್ನಡದ ಮುರಕಲ್ಲಿನ ನೆಲವು ಬೇಸಗೆಯಲ್ಲಿ ಒಣಗಿದಾಗ ಭೂಮಿಯೇ ವಿದ್ಯುತ್ತನ್ನು ಸುಲಭವಾಗಿ ಒಳಗೊಳ್ಳದು. ಗುಂಡಿಯಲ್ಲಿ ಇದ್ದಿಲು ಉಪ್ಪುಗಳನ್ನು ತುಂಬಿ, ನೀರು ಹೊಯ್ಯುವ ವಾಡಿಕೆಯು ಇದಕ್ಕಾಗಿಯೇ ಹುಟ್ಟಿದುದು. ನೀರನ್ನು ವಿದ್ಯುತ್ತಿನಿಂದ ದೂರವಿಡಬೇಕೆನ್ನುವ ನಾವೇ ಇಲ್ಲಿ ನೀರನ್ನು ಬೇಡುತ್ತೇವೆ.

ಭೂಸಂಪರ್ಕವು ಕೈಗೊಡುವಲ್ಲಿ ನೆರವಾದುದು 1961ರ ಒಂದು ಉಪಾಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರಾಧ್ಯಾಪಕರು, ಮನುಷ್ಯದೇಹವು ಎಷ್ಟು ವಿದ್ಯುತ್ತನ್ನು ಸಹಿಸಬಲ್ಲುದೆಂದು ಬಹುಕಾಲ ಪರೀಕ್ಷಿಸಿ, ಹೋದ ವಿದ್ಯುತ್ತನ್ನೂ ಮರಳಿದುದನ್ನೂ ತೂಗಿನೋಡುವ ಯಂತ್ರವನ್ನು ರೂಪಿಸಿದರು. ಎರಡು ತಂತಿಗಳೂ ಒಂದೇ ಬಳೆಯ ನಡುವೆ ಹಾಯುವುವು. ಹೋದುದರಲ್ಲಿ ಕಿಂಚಿತ್ತು ಬೇರೆ ದಾರಿಯಲ್ಲಿ ಸೋರಿದರೂ ಬಳೆಯು ಅದನ್ನರಿತು ಕ್ಷಣಾರ್ಧದೊಳಗೆ ಸಂಪರ್ಕವನ್ನು ಕಡಿಯುವುದು. ಅಮೆರಿಕವು 1975ರಲ್ಲಿ ಸ್ನಾನಗೃಹದ ಪ್ಲಗ್ಗುಗಳಿಗೆ ಇದನ್ನು ವಿಧಿಸಿತು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರಿನದು.

ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳು ಇದನ್ನು ಕಡ್ಡಾಯಗೊಳಿಸಿದರೂ 5 ಕಿಲೋವಾಟಿಗೆ ಕಡಿಮೆಯ ಮನೆಗಳನ್ನು ಹೊರಗಿಟ್ಟುವು. ಮುಂದೆ ಆ ಮಿತಿಯನ್ನು 2ಕ್ಕೆ ಇಳಿಸಿದರು. ಒಂದೆರಡು ದೀಪ, ಒಂದು ಕಾಯಿಲಿನ ಬಡಮನೆಯ ಬಚ್ಚಲೇ ಹೆಚ್ಚು ಒದ್ದೆಯೆಂಬುದನ್ನು ನಿಯಮವು ಎಣಿಸಿದಂತಿಲ್ಲ. ಯಂತ್ರವಿದ್ದ ಮನೆಗಳಲ್ಲಿಯೂ, ಅದು ಜೀವಂತವಾಗಿದೆಯೇ ಎಂದು ಒತ್ತಿ ನೋಡುವುದಕ್ಕಾಗಿಯೇ ಇರಿಸಿದ ಪುಟ್ಟ ಗುಂಡಿಯ ಮೇಲೆ ಧೂಳು ಕುಳಿತಿದ್ದುದನ್ನು ನಾವು ಹಲವೆಡೆ ಕಂಡೆವು.