ಹೆಚ್ಚು ಕೆಬಿಪಿಎಸ್ ಕೋಡೆಕ್ ಹಾಕಿದರೆ ಇಂಟರ್‌ನೆಟ್ ಕರೆ ಕ್ಲಿಯರ್ ಆಗುತ್ತದೆಯೇ?

ಟೊಮೆಟೊ ಬೆಲೆ ಕುಸಿದ ದಿನ. ಕೋಲಾರದ ಮಂಡಿಯಿಂದ ನರಸಾಪುರದ ರೈತರಿಗೆ ಇಂಟರ್‌ನೆಟ್ ಕರೆಯಲ್ಲಿ ಬಾಕ್ಸಿನ ದರ ಹೇಳುತ್ತಿದ್ದಾರೆ ಅಂದುಕೊಳ್ಳಿ. ಮೊದಲ ಅಕ್ಷರ ನುಂಗಿಹೋಗಿ ಕೇಳಿಸುವುದು "...ಬತ್ತು" ಮಾತ್ರ. ಎಂಬತ್ತೋ, ತೊಂಬತ್ತೋ?

ಇಂಥ ತೊಂದರೆಗೆ "ಹೆಚ್ಚು ಕೆಬಿಪಿಎಸ್ ಇರುವ ಕೋಡೆಕ್ ಹಾಕಿ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದು ಅರ್ಧ ಸತ್ಯ ಎನ್ನುತ್ತೇವೆ ನಾವು.

ಕೋಡೆಕ್ ಎಂದರೆ ಮಾತನ್ನು ಅಂಕಿಗಳಾಗಿಸಿ ಕಳಿಸಿ, ಆ ಕಡೆ ಮತ್ತೆ ಧ್ವನಿಯಾಗಿಸುವ ವಿಧಾನ. 1972ರ ಜಿ.711 ಸೆಕೆಂಡಿಗೆ 8,000 ಸಲ ಧ್ವನಿಯನ್ನು ಅಳೆದು 64 ಕಿಲೋಬಿಟ್ ಕಳಿಸುತ್ತದೆ. ಹಳೇ ಲ್ಯಾಂಡ್‌ಲೈನಿನಂತೆ ಇದರಲ್ಲೂ ಸುಮಾರು 3,400 ಹರ್ಟ್ಜ್‌ಗಿಂತ ಮೇಲಿನ ಸದ್ದು ದಾಟುವುದಿಲ್ಲ. 'ಸ'ಕಾರದ ಸೀಟಿಯಂಥ ಸದ್ದು ಹೆಚ್ಚಾಗಿ ಇರುವುದೇ ಅದರ ಮೇಲೆ. ಫೋನಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ 'ಎಸ್' ಹೋಗಿ 'ಎಫ್' ಆಗುವುದು ಇದರಿಂದಲೇ. ಜಿ.722 ಬಳಸುವುದೂ 64 ಕಿಲೋಬಿಟ್ಟೇ, ಆದರೆ 7,000 ಹರ್ಟ್ಜ್‌ವರೆಗಿನ ಧ್ವನಿ ಒಯ್ಯುತ್ತದೆ. ಬಿಟ್ ಅಷ್ಟೇ, ಸ್ಪಷ್ಟತೆ ಹೆಚ್ಚು!

ಡೇಟಾ ಉಳಿಸಲು ಜಿ.729 ಇದೆ, ಬರೀ 8 ಕಿಲೋಬಿಟ್. ಆದರೆ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಹೋಗುತ್ತದೆ, ಪ್ರತಿ ತುಣುಕಿಗೂ 40 ಬೈಟಿನ ವಿಳಾಸಚೀಟಿ ಅಂಟುತ್ತದೆ. ಚೀಟಿಗಳಿಗೇ 16 ಕಿಲೋಬಿಟ್! ಹಾಗಾಗಿ ನಿಜವಾದ ಲೆಕ್ಕ 24ಕ್ಕೆ 80. ನರಸಾಪುರ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ಒಟ್ಟಿಗೆ 10 ಮಂದಿ ಜಿ.711ರಲ್ಲಿ ಮಾತಾಡಿದರೂ ಹೋಗಲು, ಬರಲು ತಲಾ 800 ಕಿಲೋಬಿಟ್ ಆಸುಪಾಸು. ಫೈಬರ್ ಸಂಪರ್ಕಕ್ಕೆ ಇದು ಲೆಕ್ಕಕ್ಕೇ ಇಲ್ಲ. ಅಲ್ಲಿ ಜಿ.729 ಹಾಕುವುದು ಸುಮ್ಮನೆ ಜಿಪುಣತನ. ಕಾಯುವಾಗಿನ ಸಂಗೀತ ಅದರಲ್ಲಿ ವಿಕಾರವಾಗುತ್ತದೆ. ಕೀ ಸದ್ದನ್ನು ಬೇರೆಯಾಗಿ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ "1 ಒತ್ತಿ" ಎಂದಾಗ ಒತ್ತಿದ್ದೂ ತಲುಪದಿರಬಹುದು.

ಕಚೇರಿಯೊಳಗಿನ ಕರೆಗೆ ಜಿ.722, ಹೊರಗಿನ ನಂಬರಿಗೆ ಜಿ.711 ಇಟ್ಟುಕೊಳ್ಳಬಹುದು. ಎರಡೂ ಕಡೆ ಒಂದೇ ಕೋಡೆಕ್ ಇರಬೇಕು. ಇಲ್ಲದಿದ್ದರೆ ನಡುವೆ ಪರಿವರ್ತನೆಯಾಗಿ ಗುಣಮಟ್ಟ ಕುಗ್ಗುತ್ತದೆ.

ಆದರೆ ಅಕ್ಷರ ನುಂಗಿಹೋಗುವುದಕ್ಕೆ ಸಾಮಾನ್ಯ ಕಾರಣ ತುಣುಕುಗಳು ದಾರಿಯಲ್ಲಿ ಕಳೆದುಹೋಗುವುದು ಅಥವಾ ತಡವಾಗುವುದು. ಅದೇ ಲೈನಿನಲ್ಲಿ ಸಿಸಿಟಿವಿ ವಿಡಿಯೊ ಅಪ್‌ಲೋಡ್ ಆಗುತ್ತಿದ್ದರೆ ಯಾವ ಕೋಡೆಕ್ ಇದ್ದರೂ ಮಾತು ತುಂಡಾಗಬಹುದು. ರೂಟರಿನಲ್ಲಿ ಕರೆಗೆ ಆದ್ಯತೆ ಕೊಡಿಸಿ, ಫೋನಿಗೆ ವೈಫೈ ಬದಲು ಕೇಬಲ್ ಎಳೆಸಿ.

ವಾಟ್ಸಾಪ್ ಕರೆಯಲ್ಲಿ ಕೋಡೆಕ್ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಇಂಟರ್‌ನೆಟ್ ಕರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, 2012ರಲ್ಲಿ ಮಾನದಂಡವಾದ ಓಪಸ್ 6ರಿಂದ 510 ಕಿಲೋಬಿಟ್‌ವರೆಗೆ ನೆಟ್‌ವರ್ಕ್ ನೋಡಿಕೊಂಡು ಹಿಗ್ಗಿ ಕುಗ್ಗಬಲ್ಲದು. ಇನ್ನು ಫೋನಿನ ಡೆವಲಪರ್ ಆಪ್ಷನ್‌ನಲ್ಲಿ ಕಾಣುವ 'ಬ್ಲೂಟೂತ್ ಆಡಿಯೊ ಕೋಡೆಕ್' ಹಾಡು ಕೇಳುವುದಕ್ಕೆ. ಅದನ್ನು ಎಲ್‌ಡಿಎಸಿಗೆ ಬದಲಿಸಿದರೆ ಕರೆ ಸುಧಾರಿಸುವುದಿಲ್ಲ.

ಲೈನ್ ಸರಿಯಾಗುವವರೆಗೆ ದರವನ್ನು "ಎಂಟು, ಸೊನ್ನೆ" ಎಂದು ಬಿಡಿಬಿಡಿಯಾಗಿ ಹೇಳಿಸಿಕೊಳ್ಳಿ.