ಎಂಜಿನ್ ದುರಸ್ತಿಗೆ ಟಾರ್ಕ್ ವ್ರೆಂಚ್ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ವಳಕಮದಿನ್ನಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಗ್ಯಾರೇಜ್ ಸ್ಥಾಪನೆಗೆ ಸಾಲ ಕೋರುವವರು ಉಪಕರಣಗಳ ದರಪಟ್ಟಿಯಲ್ಲಿ ಟಾರ್ಕ್ ವ್ರೆಂಚ್ ಸೇರಿಸುವುದು ಸೂಕ್ತ. ಕೈ ಅಂದಾಜಿನಲ್ಲಿ ಬಿಗಿದ ಹೆಡ್ ಬೋಲ್ಟ್‌ಗಳು ಸಡಿಲವಾಗಿದ್ದಲ್ಲಿ ಗ್ಯಾಸ್ಕೆಟ್ ಸೋರುತ್ತದೆ. ಬಿಗಿ ಮಿತಿಮೀರಿದಲ್ಲಿ ಬೋಲ್ಟ್ ಹಿಗ್ಗಿ ತುಂಡಾಗಬಹುದು. ಭತ್ತದ ಕೊಯ್ಲಿನ ದಿನಗಳಲ್ಲಿ ಹೀಗೆ ನಿಂತ ಟ್ರ್ಯಾಕ್ಟರಿನ ನಷ್ಟವು ಉಪಕರಣದ ಬೆಲೆಯನ್ನೇ ಮೀರಬಹುದು.

ಕಾರಿನ ಹೆಡ್ ಬೋಲ್ಟ್ ಮತ್ತು ಚಕ್ರದ ನಟ್‌ಗಳಿಗೆ ಅರ್ಧ ಇಂಚಿನ ಡ್ರೈವ್‌ನ, 40ರಿಂದ 200 ನ್ಯೂಟನ್ ಮೀಟರ್ ವ್ಯಾಪ್ತಿಯ ‘ಕ್ಲಿಕ್’ ಮಾದರಿ ಸಾಮಾನ್ಯವಾಗಿ ಸಾಕು. ಸಣ್ಣ ಬೋಲ್ಟ್‌ಗಳಿಗೆ ಬೇರೆ ಸಣ್ಣ ವ್ರೆಂಚ್ ಅಗತ್ಯ. ಒಂದರಲ್ಲೇ ಎಲ್ಲವೂ ಆಗುವುದೆಂಬ ಮಾರಾಟಗಾರರ ಮಾತನ್ನು ನಂಬತಕ್ಕದ್ದಲ್ಲ. ತಯಾರಕರ ಕೈಪಿಡಿಯಲ್ಲಿ ಅಳತೆಯು ಕೆ.ಜಿ.-ಮೀಟರ್‌ನಲ್ಲಿದ್ದರೆ 9.8ರಿಂದ ಗುಣಿಸತಕ್ಕದ್ದು. ಖರೀದಿಯೊಡನೆ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಪಡೆಯತಕ್ಕದ್ದು. ಬಿಗಿದ ನಟ್ ಬಿಚ್ಚಲು ಇದನ್ನು ಬಳಸಬಾರದು. ಕೆಲಸ ಮುಗಿದ ಮೇಲೆ ಕನಿಷ್ಠ ಅಂಕಕ್ಕೆ ಇಳಿಸಿ ಇಡತಕ್ಕದ್ದು.