ಅರಿಶಿನ ಕುಂಕುಮದ ಬಾವುಟ

ನಮ್ಮ ಶಾಲೆಯಲ್ಲಿ ರಾಜ್ಯೋತ್ಸವದ ದಿನ ಯಾರು ಯಾವ ಕೆಲಸ ಮಾಡಬೇಕೆಂಬುದಕ್ಕೆ ಒಂದು ಪದ್ಧತಿಯಿದೆ. ಬಾವುಟದೊಳಗೆ ಬಿಡಿಹೂವಿಟ್ಟು ಮಡಿಸಿ, ಎಳೆದೊಡನೆ ಬಿಚ್ಚಿಕೊಳ್ಳುವ ಗಂಟು ಹಾಕುವುದು ಡ್ರಿಲ್ ಮೇಷ್ಟ್ರ ಕೆಲಸ. ಕಂಬದ ಬುಡ ತೊಳೆದು ರಂಗೋಲಿ ಹಾಕುವುದು ಆಯಮ್ಮನದು. ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಕಂಬಕ್ಕೆ ಅರಿಶಿನ ಕುಂಕುಮ ಹಚ್ಚುವುದು ಶಾಲೆಯ ಹಿರಿಯ ಅಧ್ಯಾಪಕಿ. ಹನ್ನೊಂದು ವರ್ಷ ಆ ತಟ್ಟೆ ನನ್ನ ಕೈಯಲ್ಲಿತ್ತು.

ನಮ್ಮ ಮನೆಯವರು ತೀರಿಕೊಂಡ ವರ್ಷ ರಾಜ್ಯೋತ್ಸವದ ಬೆಳಗ್ಗೆ ಮುಖ್ಯೋಪಾಧ್ಯಾಯಿನಿ ನನ್ನ ಹತ್ತಿರ ಬಂದು, ಬಹಳ ಮೆತ್ತಗೆ, “ಈ ಸಲ ನೀವು ಮಕ್ಕಳ ಸಾಲು ನೋಡ್ಕೊಳ್ಳಿ ಮೇಡಂ, ಹಿಂದಿನವರು ಗಲಾಟೆ ಮಾಡ್ತಾರೆ” ಎಂದರು. ತಟ್ಟೆ ಹೊಸದಾಗಿ ಸೇರಿದ್ದ ಗಣಿತದ ಟೀಚರ ಕೈಗೆ ಹೋಯಿತು. ಯಾರೂ ನನ್ನನ್ನು ಅವಮಾನ ಮಾಡಲಿಲ್ಲ. ನಾನೂ ಒಂದು ಮಾತು ಆಡಲಿಲ್ಲ. ಸಾಲಿನ ಹಿಂದೆ ನಿಂತು ನಾಡಗೀತೆಗೆ ದನಿ ಸೇರಿಸಿದೆ. ಬಾವುಟ ಬಿಚ್ಚಿಕೊಂಡು ಹೂವು ಉದುರಿತು. ಮೇಲರ್ಧ ಅರಿಶಿನ, ಕೆಳಗರ್ಧ ಕುಂಕುಮ.

ಮಾರನೆಯ ದಿನ ಎಂಟನೆಯ ತರಗತಿಯಲ್ಲಿ ಕನ್ನಡ ಬಾವುಟದ ಬಣ್ಣಗಳ ಅರ್ಥ ಹೇಳುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಅದು ಎಲ್ಲರ ಬಾವುಟ ಅಂದ್ರಿ. ಅರಿಶಿನ ಕುಂಕುಮ ಎಲ್ಲರಿಗೂ ಇಲ್ವಲ್ಲ?” ಎಂದಳು. ಕೇಳುವಾಗ ಅವಳ ಕಣ್ಣು ನನ್ನ ಹಣೆಯ ಮೇಲಿತ್ತು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. “ನಾಳೆ ಹೇಳ್ತೀನಿ, ಕೂತ್ಕೋ” ಎಂದೆ. ಮೂವತ್ತು ವರ್ಷ ಪಾಠ ಹೇಳಿದವಳು ‘ನಾಳೆ’ ಎಂದಳೆಂದರೆ ಉತ್ತರ ಗೊತ್ತಿಲ್ಲವೆಂದೇ ಅರ್ಥ.

ಆ ಸಂಜೆ ಅಮ್ಮನೊಡನೆ ಕೂತಾಗ ಈ ಮಾತು ಬಂತು. ಅಮ್ಮ ಹುಟ್ಟಿದ್ದು 1937ರಲ್ಲಿ, ಇದೇ ಚಾಮರಾಜಪೇಟೆಯಲ್ಲಿ. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮದು ಮೈಸೂರು ಸಂಸ್ಥಾನ. ಸಂಸ್ಥಾನದ ಗೀತೆ ‘ಕಾಯೌ ಶ್ರೀಗೌರಿ’. 1881ರಲ್ಲಿ ಬ್ರಿಟಿಷರು ಮೈಸೂರಿನ ಆಳ್ವಿಕೆಯನ್ನು ಮತ್ತೆ ಒಡೆಯರಿಗೆ ಒಪ್ಪಿಸಿ ಹತ್ತನೆಯ ಚಾಮರಾಜೇಂದ್ರರು ಪಟ್ಟವೇರಿದ ಕಾಲದಲ್ಲಿ, ಆಸ್ಥಾನ ಕವಿ ಬಸವಪ್ಪಶಾಸ್ತ್ರಿಗಳು ಬರೆದ ಹಾಡು. ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡವರು ಅವರೇ. ಗೌರಿಯನ್ನು ಬೇಡಿಕೊಂಡು, ದೊರೆಯನ್ನು ಕಾಯೆಂದು ಕೇಳುವ ಪ್ರಾರ್ಥನೆ ಅದು.

ಅಮ್ಮ ಎಂಬತ್ತು ದಾಟಿದರೂ ಅದನ್ನು ಪೂರ್ತಿ ಹಾಡುತ್ತಾಳೆ. ಹಾಡು ಮುಗಿಸಿ ಅಂದಳು: “ನಮಗೆ ಇದನ್ನ ಹೇಳಿಕೊಟ್ಟ ಟೀಚರಮ್ಮ ಇದ್ರಲ್ಲ, ಪಾಪ, ಹನ್ನೆರಡನೇ ವಯಸ್ಸಿಗೇ ಕುಂಕುಮ ಅಳಿಸಿಕೊಂಡೋರು ಕಣೇ. ಓದಿ ಟೀಚರಾಗಿದ್ರು. ಗೌರಿ ಹಾಡನ್ನ ಅವರಷ್ಟು ಚೆನ್ನಾಗಿ ಯಾರೂ ಹೇಳ್ತಿರಲಿಲ್ಲ.”

ಮುತ್ತೈದೆಯರ ದೇವತೆಯ ಹಾಡನ್ನು ಊರಿನ ಮಕ್ಕಳಿಗೆಲ್ಲ ಕಲಿಸಿದವರು ಒಬ್ಬ ವಿಧವೆ! ಮನೆಯ ಗೌರಿ ಹಬ್ಬಕ್ಕೆ ಅವರನ್ನು ಯಾರು ಕರೆದಾರು? ಶಾಲೆಯಲ್ಲಿ ಮಾತ್ರ ಅವರಿಲ್ಲದೆ ಹಾಡು ಶುರುವಾಗುತ್ತಿರಲಿಲ್ಲ.

ಆಗ ನನಗೆ ಹೊಳೆದದ್ದು ವಾಣಿವಿಲಾಸ ರಸ್ತೆ. ನಾನು ದಿನವೂ ಬಸವನಗುಡಿಯಲ್ಲಿ ದಾಟುವ ರಸ್ತೆ. ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯ ನೋಡಿಕೊಂಡವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. 1898ರ ಪ್ಲೇಗಿನ ಹೊತ್ತಿನಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದ್ದು ಅವರ ಕಾಲದಲ್ಲೇ. ಶಿವನಸಮುದ್ರದ ವಿದ್ಯುತ್ತಿನ ಕೆಲಸವೂ ಅವರ ಕಾಲದ್ದೇ. ಆ ಏಳು ವರ್ಷ ಗೌರಿಯ ಹಾಡು ಸಂಸ್ಥಾನದ ಗೀತೆಯಾಗಿತ್ತು, ಆಳುತ್ತಿದ್ದವರು ಗಂಡನಿಲ್ಲದ ಹೆಂಗಸು. ಸಂಸ್ಥಾನಕ್ಕೆ ಅಮಂಗಳವೇನೂ ಆಗಲಿಲ್ಲ, ದೀಪ ಬಂತು.

ಇಷ್ಟು ವರ್ಷ ಮೂರು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿಸಿದ ಇತಿಹಾಸವನ್ನು ಆ ವಾರ ನನಗಾಗಿ ಓದಿದೆ. ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹಾಡಾಗಲಿ ಬಾವುಟವಾಗಲಿ, ಜನ ಮೊದಲು ಹಿಡಿದರು. ಅಪ್ಪಣೆ ಆಮೇಲೆ ಬಂತು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ತ್ರಿವರ್ಣ ಧ್ವಜ ಹಾರಿಸಕೂಡದೆಂದು ಸರ್ಕಾರದ ನಿಷೇಧವಿತ್ತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜ ಹಾರಿಸಿ ಸೆರೆಗೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ಅದೇ ನಿಷೇಧವನ್ನು ಮೀರಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನವರು ಲೆಕ್ಕ ಹೇಳುತ್ತಾರೆ; ಸರ್ಕಾರ ಒಪ್ಪಿಕೊಂಡ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ, ಸಂಸ್ಥಾನದ ಬಾವುಟದ ಜೊತೆಗೆ ಆ ಬಾವುಟವನ್ನೂ ಹಾರಿಸಬಹುದೆಂದಾಯಿತು.

1947ರ ಜುಲೈ 22ರಂದು, ನಡುವೆ ಅಶೋಕಚಕ್ರವಿರುವ ಇಂದಿನ ತ್ರಿವರ್ಣವನ್ನು ಸಂವಿಧಾನ ಸಭೆ ರಾಷ್ಟ್ರಧ್ವಜವೆಂದು ಒಪ್ಪಿತು. ಆಗಸ್ಟ್ 14ರ ಮಧ್ಯರಾತ್ರಿಯ ಸಭೆಯಲ್ಲಿ ಆ ಧ್ವಜವನ್ನು ಸಭೆಗೆ ಅರ್ಪಿಸಿದವರು ಹಂಸಾ ಮೆಹತಾ, ಭಾರತದ ಎಲ್ಲ ಮಹಿಳೆಯರ ಪರವಾಗಿ. ಮುತ್ತೈದೆಯರ ಪರವಾಗಿ ಎಂದೇನೂ ಅಲ್ಲ. ರವೀಂದ್ರರ ಜನಗಣಮನವನ್ನು 1911ರಲ್ಲೇ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಹಾಡಿದ್ದರು. ಅದು ರಾಷ್ಟ್ರಗೀತೆಯೆಂದು ಘೋಷಣೆಯಾದದ್ದು 1950ರ ಜನವರಿ 24ರಂದು. ನಡುವೆ ಮೂವತ್ತೆಂಟು ವರ್ಷ!

ನಮ್ಮ ಕನ್ನಡದ ಹಾಡುಗಳದೂ ಇದೇ ಕತೆ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನದಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿತು. ಆಗ ಕನ್ನಡ ನಾಡೆಂಬುದು ನಕ್ಷೆಯಲ್ಲೇ ಇರಲಿಲ್ಲ. ಆ ಅಧಿವೇಶನದಲ್ಲಿ ಸ್ವಾಗತದ ಹಾಡು ಹೇಳಿದವರಲ್ಲಿ ಗಂಗೂಬಾಯಿ ಹಾನಗಲ್ ಎಂಬ ಪುಟ್ಟ ಹುಡುಗಿಯೂ ಇದ್ದಳು. ಜಾತಿಯ ಕಾರಣಕ್ಕೆ ಎಂಜಲು ಎತ್ತಲು ಹೇಳುತ್ತಾರೋ ಏನೋ ಎಂದು ಅಂದು ಹೆದರಿದ್ದನ್ನು ಆಕೆ ದೊಡ್ಡವರಾದ ಮೇಲೆ ನೆನೆದಿದ್ದಾರೆ. ಹಾಡಲು ಬೇಕಾದವಳು ಪಂಕ್ತಿಗೆ ಬೇಡವಾದಾಳೆಂಬ ಆ ಭಯವನ್ನು ಓದಿದಾಗ ಅಮ್ಮನ ಟೀಚರಮ್ಮ ನೆನಪಾದರು.

ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯೂ 1920ರ ದಶಕದ್ದು. ಭಾರತ ತಾಯಿ, ಕರ್ನಾಟಕ ಮಗಳು ಎಂಬುದು ಅದರ ಭಾವ. ತವರಿನ ನಂಟನ್ನು ಬಲ್ಲ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಡು ಒಂದಾದದ್ದು 1956ರ ನವೆಂಬರ್ 1ರಂದು, ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ, ಹಾಡು ಅಧಿಕೃತ ನಾಡಗೀತೆಯಾದದ್ದು 2004ರಲ್ಲಿ. ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ಆಮೇಲೂ ಮುಗಿಯಲಿಲ್ಲ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಗೊತ್ತುಮಾಡಿತು. ಅಷ್ಟರೊಳಗೆ ಎಷ್ಟು ತಲೆಮಾರಿನ ಮಕ್ಕಳು ತಮಗೆ ಬಂದ ಧಾಟಿಯಲ್ಲಿ ಅದನ್ನು ಹಾಡಿ ದೊಡ್ಡವರಾಗಿದ್ದರೋ!

ಇನ್ನು ಅರಿಶಿನ ಕುಂಕುಮದ ಬಾವುಟ. 1960ರ ದಶಕದ ಬೆಂಗಳೂರಿನಲ್ಲಿ ಕನ್ನಡಕ್ಕೆ ತನ್ನ ಊರಿನಲ್ಲೇ ಜಾಗ ಕೇಳುವ ಪರಿಸ್ಥಿತಿಯಿತ್ತು. ಸಂಗೀತ ಕಛೇರಿಗಳಲ್ಲಿ ಕನ್ನಡ ಕೃತಿ ಹಾಡಿ, ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರ ತೋರಿಸಿ ಎಂದು ಅ.ನ.ಕೃ. ಮೊದಲಾದವರು ಬೀದಿಗಿಳಿದಿದ್ದರು. ಅವರ ಜೊತೆಯಲ್ಲಿದ್ದವರು ಮ. ರಾಮಮೂರ್ತಿ, ಪತ್ರಕರ್ತರು, ಪತ್ತೇದಾರಿ ಕಾದಂಬರಿಗಳಿಂದ ಮನೆಮನೆಗೆ ಗೊತ್ತಿದ್ದವರು. ಕನ್ನಡಿಗರು ಒಟ್ಟಾಗಿ ಹಿಡಿಯಲು ಒಂದು ಬಾವುಟ ಬೇಕೆಂದು ಅವರು ಯೋಚಿಸಿದ್ದರಿಂದ ಈ ಹಳದಿ ಕೆಂಪು ಬಾವುಟ ಬಂತು. ಜನ ಅದನ್ನು ಅರಿಶಿನ ಕುಂಕುಮ ಎಂದು ಕರೆದು ತಮ್ಮದಾಗಿಸಿಕೊಂಡರು.

1967ರ ಡಿಸೆಂಬರಿನಲ್ಲಿ ಬಾವಿ ಕುಸಿದು ರಾಮಮೂರ್ತಿಯವರೂ ಅವರ ಇಬ್ಬರು ಗಂಡುಮಕ್ಕಳೂ ಒಟ್ಟಿಗೆ ಹೋಗಿಬಿಟ್ಟರು. ಈ ವಾಕ್ಯವನ್ನು ಎಷ್ಟೋ ಸಲ ತರಗತಿಯಲ್ಲಿ ಓದಿ ಮುಂದಿನ ಪುಟಕ್ಕೆ ಹೋಗಿದ್ದೆ. ಆ ವಾರ ಮಾತ್ರ ಅಲ್ಲೇ ನಿಂತೆ. ಒಂದೇ ದಿನ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಅವರ ಪತ್ನಿಯನ್ನು ನೆನೆದೆ. ನಾಡಿಗೆಲ್ಲ ಅರಿಶಿನ ಕುಂಕುಮದ ಬಾವುಟ ಕೊಟ್ಟ ಮನೆಯ ಹೆಣ್ಣುಮಗಳು. ಆ ತಾಯಿ ಈ ಬಾವುಟದ ಕಂಬದ ಹತ್ತಿರ ಬಂದರೆ, “ನೀವು ಸಾಲು ನೋಡ್ಕೊಳ್ಳಿ” ಎಂದು ಹೇಳುವ ಬಾಯಿ ನಮ್ಮಲ್ಲಿ ಯಾರಿಗಿದೆ?

ಈ ಬಾವುಟಕ್ಕೆ ಸರ್ಕಾರದ ಮುದ್ರೆ ಇಂದಿಗೂ ಇಲ್ಲ. 2018ರ ಮಾರ್ಚಿನಲ್ಲಿ ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಸೇರಿಸಿದ ಬೇರೊಂದು ನಾಡಧ್ವಜವನ್ನು ರಾಜ್ಯ ಸರ್ಕಾರ ಸಿದ್ಧಮಾಡಿ ಕೇಂದ್ರದ ಒಪ್ಪಿಗೆಗೆ ಕಳಿಸಿತು. ಒಪ್ಪಿಗೆ ಬರಲಿಲ್ಲ. ಆದರೂ ಆಟೋ ನಿಲ್ದಾಣದಲ್ಲಿ, ಓಣಿಯ ಮೂಲೆಯಲ್ಲಿ, ಸಾಹಿತ್ಯ ಪರಿಷತ್ತಿನ ರಸ್ತೆಯಲ್ಲಿ ಅರಿಶಿನ ಕುಂಕುಮ ಹಾರುತ್ತಲೇ ಇದೆ. ಯಾರ ಅಪ್ಪಣೆಯೂ ಇಲ್ಲದೆ ಜನ ಐವತ್ತು ಅರವತ್ತು ವರ್ಷ ಹಾರಿಸಿದ ಬಾವುಟವನ್ನು ಮುಟ್ಟಲು ನಾನೇಕೆ ಅಪ್ಪಣೆಗಾಗಿ ಕಾದೆ? ನನ್ನನ್ನು ಸಾಲಿನ ಹಿಂದೆ ನಿಲ್ಲಿಸಿದ್ದು ಒಂದು ರೂಢಿ. ರೂಢಿಗೆ ತಲೆಬಾಗಿದ್ದು ನಾನೇ.

ಆ ಹುಡುಗಿಗೆ ನಾಳೆ ಎಂದದ್ದು ಒಂದು ವಾರವಾಯಿತು. ತರಗತಿಯಲ್ಲಿ ವಾಣಿವಿಲಾಸ ಸನ್ನಿಧಾನದ ಕತೆ, ಅಮ್ಮನ ಟೀಚರಮ್ಮನ ಕತೆ, ರಾಮಮೂರ್ತಿಯವರ ಮನೆಯ ಕತೆ ಹೇಳಿದೆ. “ಬಾವುಟದಲ್ಲಿರೋ ಅರಿಶಿನ ಕುಂಕುಮವನ್ನ ಯಾರ ಹಣೆಯಿಂದಲೂ ಅಳಿಸೋಕೆ ಆಗಲ್ಲ ಕಣಮ್ಮ” ಎಂದೆ. ಅವಳು ತಲೆಯಾಡಿಸಿ, “ಹಾಗಾದ್ರೆ ಮುಂದಿನ ವರ್ಷ ನೀವೇ ಹಚ್ಚಿ ಮಿಸ್” ಎಂದಳು. ಮಕ್ಕಳಿಗೆ ಇತಿಹಾಸ ಹೇಳುವುದರಲ್ಲಿ ಈ ಅಪಾಯ ಇದ್ದೇ ಇದೆ.

ಮರುವರ್ಷ ಅಕ್ಟೋಬರ್ ಕೊನೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, “ಈ ಸಲ ತಟ್ಟೆ ನಾನೇ ತರ್ತೀನಿ ಮೇಡಂ” ಎಂದೆ. ಅವರ ಮುಖ ಕೆಂಪಾಯಿತು. “ಅಯ್ಯೋ, ನನಗೇನೂ ಇಲ್ಲ ಮೇಡಂ, ಯಾರಾದ್ರೂ ಏನಾದ್ರೂ ಅಂದ್ರೆ ನಿಮಗೇ ಬೇಜಾರಾಗುತ್ತೆ ಅಂತ…” ಎಂದು ನಿಲ್ಲಿಸಿದರು. ಅವರು ಹೇಳಿದ್ದು ನಿಜವೇ ಇರಬೇಕು. ನಮ್ಮಲ್ಲಿ ಎಷ್ಟೋ ಬಾಗಿಲುಗಳು ಮುಚ್ಚುವುದು ಬೇರೆಯವರ ಬೇಜಾರನ್ನು ತಪ್ಪಿಸುವುದಕ್ಕಾಗಿಯೇ.

ಆ ಬೆಳಗ್ಗೆ ಕಂಬಕ್ಕೆ ಅರಿಶಿನ ಹಚ್ಚುವಾಗ ಕೈ ಸ್ವಲ್ಪ ನಡುಗಿತು. ಯಾರೂ ಏನೂ ಅನ್ನಲಿಲ್ಲ. ಗಣಿತದ ಟೀಚರು ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮರುದಿನ ಹಾಜರಿ ಕರೆಯುವಾಗ ನೋಡಿದೆ, ಉಗುರಿನ ಸಂದಿನಲ್ಲಿ ಹಳದಿ ಇನ್ನೂ ಉಳಿದಿತ್ತು. ತೊಳೆಯುವ ಅವಸರವೇನೂ ಕಾಣಲಿಲ್ಲ. ಎಂಟನೆಯ ತರಗತಿಗೆ ಹೊಸ ಮಕ್ಕಳು ಬಂದಿದ್ದರು. ಪುಸ್ತಕ ತೆಗೆಯಿರಿ ಎಂದೆ.